ಎಂಟು ಸಾಲು, ಎಂಟು ಮನೆ

ಕುತಾಯಿಸಿಯಲ್ಲಿ ಆ ಚಳಿಗಾಲ ಕರೆಂಟು
ಹೇಳದೆ ಬಂದು ಹೇಳದೆ ಹೋಗುವ ನೆಂಟ.
ಬಂದರೆ ರಾತ್ರಿ ಎರಡಕ್ಕೆ, ಇದ್ದರೆ ಒಂದು ಗಂಟೆ.
ಅಷ್ಟರಲ್ಲೇ ಅಮ್ಮನ ಇಸ್ತ್ರಿ, ರೊಟ್ಟಿ, ಬೀದಿಗೆಲ್ಲ ನೀರಿನ ಪಂಪು.
ಅಣ್ಣ ಬಾದ್ರಿಗೆ ಮಾತ್ರ ಕಂಪ್ಯೂಟರು.

ಕಂಪ್ಯೂಟರು ಅಂದರೆ ಏನು ಮಹಾ,
ಕಾರ್ಖಾನೆಯ ಹಿಂಬಾಗಿಲಿಂದ ಬಂದ ಚಿಪ್ಪುಗಳು,
ಮಾವ ಬೆಸುಗೆ ಹಾಕಿದ ಹಲಗೆ, ಪ್ಲೈವುಡ್ ಪೆಟ್ಟಿಗೆ,
ಕಪ್ಪುಬಿಳುಪಿನ ಪುಟ್ಟ ಟಿವಿ, ಒಂದು ಟೇಪ್ ರೆಕಾರ್ಡರು.
ನಲವತ್ತೆಂಟು ಕೆಬಿ ನೆನಪು.
ಅದರಲ್ಲಿ ನಮ್ಮ ಭಾಷೆಯ ಒಂದಕ್ಷರವೂ ಇರಲಿಲ್ಲ.

"ಸೇರಿಸೋಣ" ಅಂದ ಬಾದ್ರಿ, ಉಪ್ಪು ಸೇರಿಸುವ ಹಾಗೆ.
ಅಕ್ಷರಕ್ಕೆ ಎಂಟು ಸಾಲು, ಸಾಲಿಗೆ ಎಂಟು ಮನೆ,
ಬಲತುದಿಯ ಮನೆಗೆ ಒಂದು, ಎಡಕ್ಕೆ ಸರಿದಂತೆಲ್ಲ ಇಮ್ಮಡಿ,
ತುಂಬಿದ ಮನೆಗಳ ಕೂಡಿದರೆ ಸಾಲಿನ ಬೆಲೆ.
ಮೂವತ್ತಮೂರು ಅಕ್ಷರ, ಇನ್ನೂರ ಅರವತ್ತನಾಲ್ಕು ಸಂಖ್ಯೆ.
ಪುಣ್ಯಕ್ಕೆ ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ
ಪಂಕ್ತಿಭೇದವಿಲ್ಲ.

ಲೆಕ್ಕದ ಪುಸ್ತಕಗಳೆಲ್ಲ ಒಲೆಗೆ ಹೋಗಿದ್ದವು.
ಉಳಿದದ್ದು ಮೇಜಿನ ಮೇಲಿನ ಚೌಕುಳಿ ಬಟ್ಟೆ.
ವೆನೇರಾ ಅಜ್ಜಿ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ
ಲೋಬಿಯೊ ಕಾಳು ಆರಿಸುತ್ತಿದ್ದಳು.
ಬಾದ್ರಿ ಹಿಡಿ ಕಾಳು ಕಸಿದು ಹರಡಿದ:
ಮೇಲೆ ನಾಲ್ಕು, ಅರವತ್ತು;
ಕೆಳಗೆ ಎರಡು ಕಾಲು, ಅರವತ್ತಾರು, ಅರವತ್ತಾರು, ಅರವತ್ತಾರು.
ಎದ್ದು ನಿಂತಿತು 'ಇ', ಪುಟ್ಟ ಕಮಾನು.

ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ಅಜ್ಜಿ.
ಪೇಪರು ನಿಂತು ಎಂಟು ತಿಂಗಳು, ಕಣ್ಣು ನಿಂತಿರಲಿಲ್ಲ.
ಬಾದ್ರಿ ಇಟ್ಟ 'ಘ' ನೋಡಿ ಕೇಳಿದಳು,
"ಯಾರಪ್ಪಾ ಇದರ ಕಾಲು ಕಡಿದವರು?"
ಜಾಗ ಇಲ್ಲ ಬೆಬಿಯಾ, ಎಂಟೇ ಸಾಲು.
"ಸೂರು ತಗ್ಗಿದ್ದರೆ ತಲೆ ಬಗ್ಗಿಸಿ ಬರ್ತಾರೆ,
ಕಾಲು ಹೊರಗೆ ಬಿಟ್ಟು ಬರ್ತಾರೇನು?"
ಒಂದೊಂದೇ ಕಾಳು ಬೆರಳತುದಿಯಿಂದ ಮೇಲೆ ತಳ್ಳಿ,
ಹೊಟ್ಟೆ ಕರಗಿಸಿ, ಬೆನ್ನು ಬಾಗಿಸಿ,
ಅಕ್ಷರವನ್ನು ಕುಕ್ಕರಗಾಲಲ್ಲಿ ಕೂರಿಸಿದಳು.
ಬಾಲ ಪೂರ್ತಿ ಒಳಗೆ.

ಹೀಗೆ ಹನ್ನೊಂದು ರಾತ್ರಿ.
ಬರೆದುಕೊಳ್ಳುವವಳು ನಾನು, ಒಂಬತ್ತು ವರ್ಷ,
ಕೈಗವಸು ಹಾಕಿಕೊಂಡೇ.
ಬರೆದಾದ ಮೇಲೆ ಅಕ್ಷರ ಪಾತ್ರೆಗೆ.
ಆ ಚಳಿಗಾಲ ನಾವು 'ಕ' ತಿಂದಿದ್ದೇವೆ, 'ಮ' ತಿಂದಿದ್ದೇವೆ,
ಜಗಳ ಆಡಿಕೊಂಡು 'ಶ' ತಿಂದಿದ್ದೇವೆ,
ಕೊತ್ತಂಬರಿ ಹಾಕಿ, ಅಕ್ರೋಟು ಇಲ್ಲದೆ.

ಕರೆಂಟು ಬಂದರೆ ನಾನು ಓದುವೆ, ಅವನು ಕುಟ್ಟುವ.
ಒಮ್ಮೆ ನೂರ ಎಪ್ಪತ್ತನೆಯ ಸಂಖ್ಯೆಗೆ ದೀಪ ಹೋಗಿ
ಪೆಟ್ಟಿಗೆ ಎಲ್ಲ ಮರೆತು ಕೂತಿತು.
ಅಂದಿನಿಂದ ಹತ್ತಕ್ಕೊಮ್ಮೆ ಟೇಪಿಗೆ.
ಮಾವನ ಮದುವೆಯ ಹಾಡುಗಳ ಅಳಿಸಿಕೊಂಡು
ಕಿರ್ರೆಂದು ಕಿರುಚುತ್ತ ಅಕ್ಷರ ಸದ್ದಾಗುವವು.
ಪಕ್ಕದ ಮನೆಯ ಓಮಾರ್ ಗೋಡೆ ಗುದ್ದುವನು:
ಆ ಬೆಕ್ಕನ್ನು ಬಿಡ್ರೋ!

ಕೊನೆಯದು ಹಕಾರ. ಅದರ ಸರದಿಗೆ ಕಾಳು ಮುಗಿದಿತ್ತು.
ಗುಂಡಿಗಳಲ್ಲಿ ಇಡೋಣ ಎಂದೆ. ನಾಳೆ, ಅಂದಳು ಅಜ್ಜಿ.
ಅಷ್ಟರಲ್ಲಿ ಕರೆಂಟು.
ಬಾದ್ರಿ ಒಂದು ವಿಳಾಸಕ್ಕೆ ಒಂದು ಸಂಖ್ಯೆ ತುರುಕಿದ್ದೇ
ಪರದೆಯ ಮೇಲಿದ್ದ ಇಂಗ್ಲಿಷು ಎದ್ದು ನಮಗೆ ಜಾಗ ಬಿಟ್ಟಿತು.

"ಏನು ಬರೀಲಿ?"
ಬೇಕೆಂದೇ ಇರಬೇಕು, "ಹಾಎರಿ" ಅಂದಳು.
ನಮ್ಮಲ್ಲಿ ಗಾಳಿಗೆ ಹಾಗನ್ನುತ್ತೇವೆ.
ಮೊದಲ ಮನೆ ಖಾಲಿ, ಆಮೇಲೆ ಆಎರಿ.
ಅಜ್ಜಿ ಬಗ್ಗಿ ಗಟ್ಟಿಯಾಗಿ ಓದಿದಳು,
ತಣ್ಣನೆಯ ಗಾಜಿನ ಮೇಲೆ ಹ ಎಂಬಷ್ಟು ಮಂಜು
ಕೂತು, ಹೋಯಿತು.

ಮಾರನೆಯ ದಿನ ಟಿವಿಯೂ ಹೋಯಿತು,
ಎರಡು ಮೂಟೆ ಹಿಟ್ಟಿಗೆ.
ಬಾದ್ರಿ ಈಗ ಬತೂಮಿಯಲ್ಲಿ ಲಿಫ್ಟು ರಿಪೇರಿ ಮಾಡುತ್ತಾನೆ,
ಟೇಪು ನನ್ನ ಹತ್ತಿರ, ಹಾಕಲು ಯಂತ್ರವಿಲ್ಲ.
ಕಾಳು ನೆನೆಹಾಕುವಾಗ ಈಗಲೂ ಎಂಟೆಂಟಾಗಿ ಎಣಿಸುತ್ತೇನೆ.

ಇನ್ನೊಂದು ಹೇಳದೆ ಉಳಿದಿದೆ.
ಆ ರಾತ್ರಿ ಪರದೆಯಿಂದ ಕಣ್ಣು ತೆಗೆಯದೆ ಅಜ್ಜಿ ಅಂದಿದ್ದಳು:
ಆ 'ರ', ಏಳನೆಯ ಸಾಲು, ಒಂದು ಕಾಳು ಎಡಕ್ಕೆ ಬಿದ್ದಿದೆ.
ಬಾದ್ರಿ ತನ್ನದೇ ತಪ್ಪೆಂದ.
ಅಲ್ಲ, ಕೈಗವಸಿನದು, ನನ್ನದು:
ಅರವತ್ತೆಂಟಲ್ಲ ಬೆಬಿಯಾ,
ಅರವತ್ತಾರು.